ಅಂಗಡಿಯಿಲ್ಲದ ನಡುಗಡ್ಡೆಗೆ ದೋಣಿ: ಗಂಗಾವತಿಯ ಓದುಗರಿಗೆ ಉತ್ತರ

ಪ್ರಶ್ನೆ: ನಾವು ಗಂಗಾವತಿಯವರು. ಆರು ಜನ ದೊಡ್ಡವರು, ಒಂಬತ್ತು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು. ಸಣಾಪುರದ ಕೆರೆಯಲ್ಲಿ, ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ಹತ್ತಿ ರೂಢಿಯಿದೆ, ಎಲ್ಲರಿಗೂ ಈಜು ಬರುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಕಾರವಾರ–ಹೊನ್ನಾವರ ಕಡೆ ಹೋಗಿ, ಅಂಗಡಿ, ಹೋಟೆಲು ಏನೂ ಇಲ್ಲದ ಒಂದು ನಡುಗಡ್ಡೆಯ ಮರಳ ದಂಡೆಯಲ್ಲಿ ಒಂದು ಹಗಲು, ಸಾಧ್ಯವಾದರೆ ಬೆಳದಿಂಗಳ ರಾತ್ರಿಯೂ ಕಳೆಯುವ ಆಸೆ. ಮೀನು ಹಿಡಿಯುವ ದೋಣಿಯವರೊಬ್ಬರು ಬೆಳಿಗ್ಗೆ ಬಿಟ್ಟುಹೋಗಿ ಸಂಜೆ ಬಂದು ಕರೆದೊಯ್ಯುತ್ತೇನೆ ಅಂದಿದ್ದಾರೆ. ನಮ್ಮದೇ ಒಂದು ಫೈಬರ್ ಹರಿಗೋಲು ಇದೆ. ಗಾಡಿಯ ಮೇಲೆ ಹೇರಿಕೊಂಡು ಬಂದರೆ ದೋಣಿಯಿಂದ ದಂಡೆಗೆ ಇಳಿಯಲು ಉಪಯೋಗವಾದೀತೆ?

ಉತ್ತರ: ನಿಮ್ಮ ಯೋಜನೆಯಲ್ಲಿ ಮೂರು ಸಂಗತಿ ಬದಲಾಗಬೇಕು: ಹುಣ್ಣಿಮೆ, ಬಿಟ್ಟುಹೋಗುವ ದೋಣಿ, ರಾತ್ರಿ ವಾಸ. ಉಳಿದದ್ದೆಲ್ಲ ಆಗುವ ಕೆಲಸವೇ. ಹರಿಗೋಲಿನ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇವೆ.

ಮೊದಲು ಜಾಗದ ಬಗ್ಗೆ ಒಂದು ತಪ್ಪು ಎಣಿಕೆ ಸರಿಪಡಿಸಬೇಕು. ಮೊಬೈಲಿನಲ್ಲಿ ಕಾಣುವ ಬಿಳಿ ಮರಳು, ಹಸಿರು ನೀರು, ನಾಲ್ಕು ತೆಂಗಿನ ಮರದ ದ್ವೀಪಗಳು ಬಹುಪಾಲು ಲಕ್ಷದ್ವೀಪದವು. ಅವು ಹವಳದ ದಿಬ್ಬಗಳು, ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಬೇಕು. ನಮ್ಮ ಕರಾವಳಿಯ ನಡುಗಡ್ಡೆಗಳು ಬಂಡೆಯ ಗುಡ್ಡಗಳು. ಮರಳು ಇದ್ದರೆ ಒಂದು ಮಗ್ಗುಲಲ್ಲಿ, ಬಂಡೆಗಳ ನಡುವೆ, ಒಂದು ಕಣದಷ್ಟು ಅಗಲ. ಅದೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮಳೆಗಾಲದ ಅಲೆ ಆ ಮರಳನ್ನು ಕೆರೆದು ಒಳಗೆ ಎಳೆದುಕೊಳ್ಳುತ್ತದೆ, ಅಕ್ಟೋಬರ್ ನಂತರದ ಮೆತ್ತನೆ ಅಲೆ ಅದನ್ನು ನಿಧಾನಕ್ಕೆ ಮರಳಿ ತಂದು ಹಾಕುತ್ತದೆ. ಮಾರ್ಚಿನ ಫೋಟೋ ನೋಡಿ ಅಕ್ಟೋಬರಿನಲ್ಲಿ ಹೋದವರಿಗೆ ಬರೀ ಕಲ್ಲು ಕಂಡರೆ ಅದು ದೋಣಿಯವನ ಮೋಸವಲ್ಲ.

ಮುರುಡೇಶ್ವರದ ಎದುರಿನ ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಕಡಿದಾದ ಬಂಡೆ, ದಂಡೆಯೇ ಇಲ್ಲ. ಸುತ್ತಲಿನ ನೀರಿನಲ್ಲಿ ಸ್ಕೂಬಾ ಡೈವಿಂಗ್ ಮಾಡುವವರು ಹೋಗುತ್ತಾರೆ, ಮೇಲೆ ಇಳಿಯುವಂತಿಲ್ಲ, ನೌಕಾಪಡೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದಿದೆ. ಕಾರವಾರದ ಬಳಿಯ ಅಂಜದೀವೂ ನೌಕಾಪಡೆಯ ಕೈಯಲ್ಲಿದೆ, ಅದನ್ನು ಮರೆತುಬಿಡಿ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ಸುಲಭ. ಕಂಬ ಕಂಬವಾಗಿ ನಿಂತ ಅಲ್ಲಿನ ಲಾವಾ ಶಿಲೆ ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದ್ದು. ಆದರೆ ರಜೆಯ ದಿನ ಜಾತ್ರೆ. ನೀವು ಕೇಳುವ ಬಗೆಯ ಜಾಗಕ್ಕೆ ಹತ್ತಿರವಾದವು ಎರಡು: ಕಾರವಾರದ ಎದುರಿನ, ನರಸಿಂಹ ದೇವರ ಗುಡಿಯಿರುವ ಕೂರ್ಮಗಡ, ಹೊನ್ನಾವರದ ಎದುರಿನ, ಹಳೆಯ ಕೋಟೆಯ ಬಸವರಾಜದುರ್ಗ. ಮೊದಲ ಸಲಕ್ಕೆ ನಮ್ಮ ಆಯ್ಕೆ ಕೂರ್ಮಗಡ. ಕಾರಣ ದೂರವಲ್ಲ, ಅಳಿವೆ. ಅದಕ್ಕೆ ಬರುವ ಮೊದಲು ನೀರಿನ ಲೆಕ್ಕ ಗೊತ್ತಾಗಬೇಕು.

ಹೊಳೆಯ ನೀರನ್ನು ನೀವು ಬಲ್ಲಿರಿ. ಹೊಸಪೇಟೆಯ ಅಣೆಕಟ್ಟೆಯ ಗೇಟು ಎತ್ತಿದರೆ ಆನೆಗೊಂದಿಯಲ್ಲಿ ನೀರು ಏರುತ್ತದೆ, ಗೇಟು ಇಳಿಸುವವರೆಗೆ ಹಾಗೇ ಇರುತ್ತದೆ, ಹರಿಯುವುದು ಒಂದೇ ದಿಕ್ಕಿಗೆ. ಕಡಲಿನ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಕಾರವಾರದ ಕಡೆ ಅಮಾವಾಸ್ಯೆ-ಹುಣ್ಣಿಮೆಗೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ಎರಡು ಮೀಟರಿನ ಆಸುಪಾಸು ಅಂತರ. ಅಷ್ಟಮಿಯ ನಂತರದ ಒಂದೆರಡು ದಿನ ಅದರ ಅರ್ಧಕ್ಕೆ ಬರುತ್ತದೆ.

ಈ ಏರಿಳಿತ ಗಡಿಯಾರದ ಮುಳ್ಳಿನ ಹಾಗೆ ಸಮನಾಗಿ ಸಾಗುವುದಿಲ್ಲ. ಆರು ತಾಸಿನ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ತಾಸು ಒಂದು ಪಾಲು, ಎರಡನೆಯದು ಎರಡು, ಮೂರನೆಯದು ಮೂರು, ನಾಲ್ಕನೆಯದು ಮೂರು, ಐದನೆಯದು ಎರಡು, ಕೊನೆಯದು ಒಂದು. 1.8 ಮೀಟರ್ ಇಳಿತವೆಂದರೆ ಮೊದಲ ತಾಸಿನಲ್ಲಿ 15 ಸೆಂಟಿಮೀಟರ್ ಮಾತ್ರ, ಮೂರನೆಯ ತಾಸಿನಲ್ಲಿ 45. ಹತ್ತು ಅಡಿಗೆ ಒಂದು ಅಡಿ ಇಳಿಜಾರಿನ ದಂಡೆಯಲ್ಲಿ ನೀರಿನ ಅಂಚು ಆ ಒಂದೇ ತಾಸಿಗೆ ನಾಲ್ಕೂವರೆ ಮೀಟರ್ ಹಿಂದೆ ಸರಿದಿರುತ್ತದೆ. ಮೂತಿಯನ್ನು ಮರಳಿಗೆ ಏರಿಸಿ, ಊಟ ಮುಗಿಸಿ ಬರುವಷ್ಟರಲ್ಲಿ ದೋಣಿ ಒಣ ನೆಲದ ಮೇಲೆ ಕೂತಿರುತ್ತದೆ. ಎಂಟು ಕ್ವಿಂಟಲ್ ತೂಗುವ ಫೈಬರ್ ದೋಣಿ ಎಂದರೆ 75 ಕಿಲೋದ ಭತ್ತದ ಚೀಲ ಹತ್ತಕ್ಕಿಂತ ಹೆಚ್ಚು, ಅದೂ ಒದ್ದೆ ಮರಳಿನಲ್ಲಿ. ಆರು ಜನ ನೂಕಿದರೆ ಜರುಗುವುದಿಲ್ಲ, ಮುಂದಿನ ಉಬ್ಬರದವರೆಗೆ ಕಾಯಬೇಕು. ಅಷ್ಟರಲ್ಲಿ ಕತ್ತಲು.

ಹುಣ್ಣಿಮೆ ಬೇಡ ಅನ್ನುವುದು ಇದಕ್ಕೇ. ಅಂದು ಇಳಿತ ದೊಡ್ಡದು, ಬಂಡೆಗಳ ನಡುವೆ ಸೆಳೆತ ಜೋರು, ಬೆಳಿಗ್ಗೆ ಮುಳುಗಿದ್ದ ಕಲ್ಲು ಮಧ್ಯಾಹ್ನ ದೋಣಿಯ ತಳಕ್ಕೆ ಬರುತ್ತದೆ. ಭಾರತ ಹುಣ್ಣಿಮೆ ಕಳೆದು ಅಷ್ಟಮಿಯಿಂದ ದಶಮಿಯವರೆಗಿನ ದಿನ ಹಿಡಿಯಿರಿ, ಅಂದರೆ ಶಿವರಾತ್ರಿಗೆ ನಾಲ್ಕರಿಂದ ಆರು ದಿನ ಮುಂಚೆ. ಬೆಳದಿಂಗಳು ತಪ್ಪುತ್ತದೆ, ಒಪ್ಪಿದೆವು. ಅದು ಆನೆಗೊಂದಿಯ ಬಂಡೆಯ ಮೇಲೂ ಚೆನ್ನಾಗಿಯೇ ಬೀಳುತ್ತದೆ.

ಇನ್ನು ಗಾಳಿ. ಜನವರಿ–ಫೆಬ್ರವರಿಯಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿಗೆ ತೆಳ್ಳಗೆ ಗಾಳಿ ಬೀಸುತ್ತದೆ, ನೀರು ಎಣ್ಣೆ ಹಾಸಿದ ಹಾಗೆ ಇರುತ್ತದೆ. ಹೊತ್ತು ಏರಿ ನೆಲ ಕಾದಂತೆ ಗಾಳಿ ತಿರುಗಿ ವಾಯವ್ಯದಿಂದ ಏಳುತ್ತದೆ, ಎರಡರಿಂದ ಐದರವರೆಗೆ ಅದರ ಆರ್ಭಟ. ಬೆಳಿಗ್ಗೆ ಮಕ್ಕಳು ಅಂಚಿನಲ್ಲಿ ಕೂತು ಕೈ ಅದ್ದಿಕೊಂಡು ಹೋದ ಅದೇ ನೀರಿನಲ್ಲಿ ಸಂಜೆ ನಾಲ್ಕಕ್ಕೆ ಎಲ್ಲರೂ ನೆಂದು ತೊಪ್ಪೆ. ‘ಬೆಳಿಗ್ಗೆ ಬಿಟ್ಟು ಸಂಜೆ ಬರುತ್ತೇನೆ’ ಅನ್ನುವ ಏರ್ಪಾಟಿನ ದೋಷ ಇಲ್ಲೇ ಇದೆ: ದಿನದ ಅತಿ ಕೆಟ್ಟ ನೀರಿನಲ್ಲಿ ವಾಪಸಾಗುವಂತೆ ಅದು ಹೆಣೆದಿದೆ. ಸೂರ್ಯೋದಯಕ್ಕೆ ದಡ ಬಿಡಿ, ಹನ್ನೆರಡರೊಳಗೆ ನಡುಗಡ್ಡೆ ಬಿಡಿ. ಅಲ್ಲಿ ಸಿಗುವುದು ಮೂರೂವರೆ-ನಾಲ್ಕು ತಾಸು. ನೆರಳಿಲ್ಲದ ಬಂಡೆಯ ಮೇಲೆ ಅದು ಸಾಕು.

ಅಳಿವೆ ಅಂದರೆ ಹೊಳೆ ಕಡಲಿಗೆ ಬೀಳುವ ಬಾಯಿ. ಹೊಳೆ ತಂದ ಮರಳು ಅಲ್ಲಿ ನೀರಿನಡಿ ದಿಬ್ಬವಾಗಿ ಕೂರುತ್ತದೆ, ಮಳೆಗಾಲ ಕಳೆದಾಗಲೆಲ್ಲ ಜಾಗ ಬದಲಿಸುತ್ತದೆ. ಇಳಿತದಲ್ಲಿ ಹೊರಗೆ ನುಗ್ಗುವ ಹೊಳೆನೀರು ಒಳಗೆ ಬರುವ ಅಲೆಗೆ ಎದುರಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ, ತಲೆ ಮುರಿದು ಬೀಳುತ್ತದೆ. ಹೊರಗೆ ಅರ್ಧ ಮೀಟರ್ ಇದ್ದ ಅಲೆ ದಿಬ್ಬದ ಮೇಲೆ ಆಳೆತ್ತರ ಆಗಬಹುದು. ಹಿಂದಿನಿಂದ ಬರುವ ಅಲೆ ದೋಣಿಯ ಬಾಲ ಎತ್ತಿ ಅಡ್ಡ ತಿರುಗಿಸಿದರೆ ಮಗುಚುವುದಕ್ಕೆ ಎರಡು ಕ್ಷಣ ಸಾಕು. ಅದಕ್ಕೆ ಅಳಿವೆಯನ್ನು ಉಬ್ಬರ ಏರುತ್ತಿರುವಾಗ ಅಥವಾ ತುಂಬಿ ನಿಂತಾಗ ದಾಟುವುದು ರೂಢಿ. ತೊಡಕು ಏನೆಂದರೆ, ಅಷ್ಟಮಿಯ ಸುತ್ತ ಇಳಿತವು ಮಧ್ಯಾಹ್ನದ ಹೊತ್ತಿಗೇ ಬೀಳುವುದುಂಟು, ಸರಿಯಾಗಿ ನೀವು ವಾಪಸಾಗುವ ಸಮಯಕ್ಕೆ. ಎಲ್ಲವೂ ಒಟ್ಟಿಗೆ ಕೂಡಿಬರುವುದಿಲ್ಲ. ಹೊನ್ನಾವರದಿಂದ ಹೊರಟರೆ ಶರಾವತಿಯ ಅಳಿವೆ ದಾಟಲೇಬೇಕು. ಕಾರವಾರದ ಬೈತಖೋಲದಂಥ ಕೊಲ್ಲಿಯ ಬಂದರಿನಿಂದ ಹೊರಟರೆ ಈ ಗಂಟು ಇಲ್ಲ. ಕೂರ್ಮಗಡ ಎಂದದ್ದು ಇದಕ್ಕಾಗಿ.

ಹೊರಡುವ ಮೂರು ದಿನ ಮೊದಲಿನಿಂದ ಇನ್ಕಾಯ್ಸ್ ಸಂಸ್ಥೆಯ ಮುನ್ಸೂಚನೆ ನೋಡುತ್ತಿರಿ. ಕಡಲಿನ ಸುದ್ದಿ ಹೇಳುವ ಈ ಕಚೇರಿ ಇರುವುದು ಹೈದರಾಬಾದಿನಲ್ಲಿ, ರಾಯಚೂರಿಗೆ ಕಾರವಾರಕ್ಕಿಂತ ಹತ್ತಿರ! ಉಬ್ಬರ-ಇಳಿತದ ಸಮಯ, ಅಲೆಯ ಎತ್ತರ, ಅಲೆಯ ಅವಧಿ ಮೂರೂ ಅದರಲ್ಲಿ ಸಿಗುತ್ತವೆ. ಎತ್ತರ ಒಂದು ಮೀಟರಿಗಿಂತ ಕಡಿಮೆ ಇರಬೇಕು. ಅವಧಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಎರಡು ಅಲೆಗಳ ನಡುವೆ ಆರೇಳು ಸೆಕೆಂಡ್ ಇದ್ದರೆ ಅದು ಹತ್ತಿರದ ಗಾಳಿಯದು. ಹದಿನಾಲ್ಕು-ಹದಿನೈದು ಇದ್ದರೆ ದೂರದ ತೆಂಕಣ ಸಾಗರದಿಂದ ಬಂದದ್ದು: ನಡುನೀರಿನಲ್ಲಿ ಗೊತ್ತೇ ಆಗುವುದಿಲ್ಲ, ದಂಡೆಗೆ ಬಂದಾಗ ಮೈಯೆತ್ತಿ ಬಡಿಯುತ್ತದೆ. ಗಾಳಿಯಿಲ್ಲದ ದಿನವೂ ಇಳಿಯಲಾಗದೆ ಮರಳಿದವರಿದ್ದಾರೆ, ಅದಕ್ಕೆ ಕಾರಣ ಇದು.

ದೋಣಿಯ ವಿಷಯ. ಮೀನುಗಾರಿಕೆಗೆ ನೋಂದಣಿಯಾದ ನಾಡದೋಣಿ ಪ್ರವಾಸಿಗರನ್ನು ಒಯ್ಯಲು ಪರವಾನಗಿ ಪಡೆದದ್ದಲ್ಲ. ಅವಘಡವಾದರೆ ವಿಮೆಯೂ ನಿಮ್ಮ ಕಡೆ ನಿಲ್ಲುವುದಿಲ್ಲ. ತಾಂಡೇಲ, ಅಂದರೆ ದೋಣಿ ನಡೆಸುವವನು, ಎಷ್ಟೇ ಗಟ್ಟಿಗನಿರಲಿ, ಬಲೆ ಎಳೆಯುವ ನಾಲ್ಕು ಜನರಿಗೆ ಮಾಡಿದ ದೋಣಿಯಲ್ಲಿ ಎಂಟು ಹೊಸಬರು ಒಂದೇ ಮಗ್ಗುಲಿಗೆ ಎದ್ದು ಫೋಟೋ ತೆಗೆಯುವಾಗ ಅವನ ಕೈಯಲ್ಲೇನೂ ಇರುವುದಿಲ್ಲ. 2019ರ ಜನವರಿ 21, ಬನದ ಹುಣ್ಣಿಮೆಯಂದು, ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದೋಣಿ ತಾಳುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಬಂದರು ಇಲಾಖೆಯ ಪರವಾನಗಿ ಇರುವ ಪ್ರವಾಸಿ ಬೋಟನ್ನೇ ಹಿಡಿಯಿರಿ. ಎಷ್ಟು ಜನಕ್ಕೆ ಪರವಾನಗಿ ಎಂದು ಕೇಳಿ, ಅದರಲ್ಲಿ ಇಬ್ಬರು ಕಡಿಮೆಯೇ ಹತ್ತಿರಿ. ನಡುಗಡ್ಡೆಯಲ್ಲಿ ಇಳಿಯಬಹುದೇ, ಯಾವ ಮಗ್ಗುಲಿಗೆ ಎಂದು ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ಮುಂಚೆಯೇ ವಿಚಾರಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಸೆಪ್ಟೆಂಬರ್ ಮುಗಿಯುವವರೆಗೆ ಈ ಮಾತನ್ನೇ ಎತ್ತಬೇಡಿ.

ಹತ್ತುವ ಮೊದಲು ನಾಲ್ಕು ಕಡೆ ಕಣ್ಣು ಹಾಯಿಸಿ. ಇಂಧನ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇಡಲು. 9.9 ಎಚ್‌ಪಿ ಔಟ್‌ಬೋರ್ಡ್ ಪೂರ್ತಿ ಓಡಿಸಿದರೆ ತಾಸಿಗೆ ನಾಲ್ಕೈದು ಲೀಟರ್ ಕುಡಿಯುತ್ತದೆ. ಎಂಜಿನ್ ನಿಂತರೆ ಏನು: ಎರಡನೇ ಎಂಜಿನ್, ಇಲ್ಲದಿದ್ದರೆ ಹುಟ್ಟು, ಜೊತೆಗೆ ಬದಲಿ ಸ್ಪಾರ್ಕ್ ಪ್ಲಗ್, ಎಳೆಯುವ ಹಗ್ಗ. ಲಂಗರು: ಒಂದೆರಡು ಮೀಟರ್ ಸರಪಳಿ ಇರಬೇಕು, ಹಗ್ಗ ಆಳದ ಐದರಿಂದ ಏಳು ಪಟ್ಟು. ಮೂರು ಮೀಟರ್ ನೀರಿಗೆ ನಾಲ್ಕು ಮೀಟರ್ ಹಗ್ಗ ಬಿಟ್ಟರೆ ಲಂಗರು ಕಚ್ಚುವುದಿಲ್ಲ, ಸುಮ್ಮನೆ ನೇತಾಡುತ್ತದೆ. ಕೊನೆಯದು, ಮೊಗೆಯುವ ಡಬ್ಬಿ. ಅದಿಲ್ಲದ ದೋಣಿ ಸೋರುವುದಿಲ್ಲ ಅಂತಲ್ಲ.

ಎಲ್ಲರಿಗೂ ಈಜು ಬರುತ್ತದೆ ಎಂದು ಬರೆದಿದ್ದೀರಿ. ಬಾವಿಯಲ್ಲಿ, ಎಡದಂಡೆ ಕಾಲುವೆಯಲ್ಲಿ ಕಲಿತ ಈಜು ಒಳ್ಳೆಯ ಈಜೇ. ಆದರೆ ಕಾಲುವೆಯಲ್ಲಿ ಎರಡು ಕಡೆ ದಡವಿದೆ, ನೀರು ಒಯ್ದರೂ ಮುಂದೆಲ್ಲೋ ಕೈಗೆ ಏನಾದರೂ ಸಿಗುತ್ತದೆ. ಕಡಲ ಸೆಳೆತ ದಡದಿಂದ ಹೊರಕ್ಕೆ ಒಯ್ಯುತ್ತದೆ, ಎದುರು ಈಜಿದವನು ಸುಸ್ತಾಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದ ಪಟ್ಟಿ ದಾಟಿ, ಆಮೇಲೆ ದಡದ ಕಡೆ ತಿರುಗಬೇಕು. ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು. ಪರೀಕ್ಷೆ ಸುಲಭ: ತೊಟ್ಟು ಎಲ್ಲ ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಎರಡೂ ಭುಜದ ಪಟ್ಟಿ ಹಿಡಿದು ಮೇಲೆತ್ತಬೇಕು. ಜಾಕೆಟ್ ಕಿವಿಯ ಮಟ್ಟಕ್ಕೆ ಏರಿ ಬಂದರೆ ಸಡಿಲ. ನೀರಿಗೆ ಬಿದ್ದಾಗ ಅದು ಮೇಲೆ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಮಕ್ಕಳಿಗೆ ತೊಡೆಸಂದಿನ ಪಟ್ಟಿ ಇರುವ, ಅವರ ತೂಕಕ್ಕೆ ಹೊಂದುವ ಜಾಕೆಟ್ ಬೇಕು. ಬಾಡಿಗೆಯವರ ಬಳಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಹುಬ್ಬಳ್ಳಿಯಲ್ಲೋ ಇನ್ನೆಲ್ಲೋ ಮೊದಲೇ ಕೊಂಡುಬಿಡಿ. ಇಡೀ ಪ್ರವಾಸದಲ್ಲಿ ಕಡ್ಡಾಯ ಖರ್ಚು ಅಂತಿದ್ದರೆ ಅದೊಂದೇ.

ಇಳಿಯುವುದು. ಹೆಚ್ಚು ಜನ ಪೆಟ್ಟು ತಿನ್ನುವುದು ನಡುಗಡಲಿನಲ್ಲಲ್ಲ, ಕೊನೆಯ ಹತ್ತು ಮೀಟರಿನಲ್ಲಿ. ತಾಂಡೇಲ ನಡುಗಡ್ಡೆಯ ನೆಲದ ಕಡೆಯ ಮಗ್ಗುಲಿಗೆ, ಅಂದರೆ ಪಶ್ಚಿಮದ ಅಲೆಗೆ ಮರೆಯಾದ ಜಾಗಕ್ಕೆ ಬಂದು ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಅಲೆಗಳು ಗುಂಪಾಗಿ ಬರುತ್ತವೆ, ನಾಲ್ಕೈದು ದೊಡ್ಡವು, ಆಮೇಲೆ ಒಂದಿಷ್ಟು ಬಿಡುವು. ಆ ಬಿಡುವು ಎಷ್ಟೆಂದು ಎಣಿಸಬೇಕು. ಲಂಗರನ್ನು ಅಲೆ ಮುರಿಯುವ ಗೆರೆಯ ಹೊರಗೇ ಹಾಕಿ, ಹಿಂಬದಿಯಿಂದ ಹಗ್ಗ ಬಿಡುತ್ತ ಮೂತಿಯನ್ನು ದಂಡೆಯ ಕಡೆ ಇಳಿಸಿದರೆ ವಾಪಸಾಗುವಾಗ ಅದೇ ಹಗ್ಗ ಎಳೆದುಕೊಂಡು ಹೊರಬೀಳಬಹುದು. ಮೊಣಕಾಲುದ್ದ ನೀರಿಗೆ ಬಂದಾಗ ಎಂಜಿನ್ ನಿಲ್ಲಿಸಿ, ಮೇಲೆತ್ತಿದ ನಂತರವೇ ಇಳಿಯಬೇಕು, ಒಬ್ಬೊಬ್ಬರಾಗಿ, ಮೂತಿಯ ಪಕ್ಕದಿಂದ. ದೋಣಿಗೂ ದಂಡೆಗೂ ನಡುವೆ ಯಾರೂ ನಿಲ್ಲಬಾರದು. ಒಂದು ಅಲೆ ದೋಣಿಯನ್ನು ಅರ್ಧ ಮೀಟರ್ ಮುಂದೆ ತಳ್ಳಿದರೆ ಎಂಟು ಕ್ವಿಂಟಲ್ ಮೊಣಕಾಲಿನ ಮೇಲೆ ಬರುತ್ತದೆ. ಬಂಡೆಗೆ ದೋಣಿ ತಾಗಿಸಿ ಹಾರುವುದು ವಿಡಿಯೋದಲ್ಲಿ ಚೆಂದ, ಕಾಲು ನಡುವೆ ಸಿಕ್ಕರೆ ಮೂಳೆ ಉಳಿಯುವುದಿಲ್ಲ.

ಒಬ್ಬ ದೋಣಿಯವನು ಸದಾ ದೋಣಿಯಲ್ಲೇ, ತೇಲುವ ನೀರಿನಲ್ಲೇ ಇರಬೇಕು. ಬಿಟ್ಟುಹೋಗುವ ಮಾತಿಗೆ ಒಪ್ಪಬೇಡಿ. ಹೋದವನ ಎಂಜಿನ್ ಕೆಟ್ಟರೆ ನಿಮಗೆ ಅದು ತಿಳಿಯುವ ದಾರಿಯೂ ಇರುವುದಿಲ್ಲ.

ಕಾಲಿಗೆ ಹವಾಯಿ ಚಪ್ಪಲಿ ಬೇಡ, ಕಾಲಿಗೆ ಬಿಗಿಯುವ ಕ್ಯಾನ್ವಾಸ್ ಬೂಟು ಸಾಕು. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಮರಳಿನ ನೀರಿನಲ್ಲಿ ನಡೆಯುವಾಗ ಹೆಜ್ಜೆ ಎತ್ತಿಡದೆ ಪಾದ ಎಳೆಯುತ್ತ ಸಾಗಿ. ಮರಳಿನಲ್ಲಿ ಹುದುಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತದೆ. ಚುಚ್ಚಿದರೆ, ಚರ್ಮ ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ತಾಸಿನಿಂದ ಒಂದೂವರೆ ತಾಸು ಅದ್ದಿಟ್ಟರೆ ನೋವು ತಗ್ಗುತ್ತದೆ. ಒಂದು ಫ್ಲಾಸ್ಕಿನ ಬಿಸಿನೀರು ಚಹಾಕ್ಕೆ ಮಾತ್ರವಲ್ಲ ಅಂದುಕೊಳ್ಳಿ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು.

ನೀರು ತಲೆಗೆ ನಾಲ್ಕು ಲೀಟರ್, ಅದರ ಮೇಲೆ ಎರಡು ಲೀಟರ್ ಮುಟ್ಟದ ದಾಸ್ತಾನು. ನಲವತ್ತು ಡಿಗ್ರಿ ಬಿಸಿಲು ಕಂಡ ನಮಗೆ ಮೂವತ್ತೆರಡು ಯಾವ ಲೆಕ್ಕ ಅನ್ನಬೇಡಿ. ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಬೆವರು ಆರಿ ಮೈ ತಣಿಯುತ್ತದೆ, ಅಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಊಟದಲ್ಲಿ ಮಾತ್ರ ನಮ್ಮವರು ಮುಂದೆ: ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ನಡುಗಡ್ಡೆಗೆ ಹೇಳಿ ಮಾಡಿಸಿದ ಬುತ್ತಿ ಇಲ್ಲ. ನೆನೆಯದಂತೆ ಡಬ್ಬಿಯಲ್ಲಿಟ್ಟರೆ ಎರಡು ದಿನ ತಡವಾದರೂ ಕೆಡುವುದಿಲ್ಲ. ಮೊಸರನ್ನ ಹನ್ನೊಂದಕ್ಕೇ ಹುಳಿಯುತ್ತದೆ. ಮಂಡಕ್ಕಿಯನ್ನು ಕಡಲ ಗಾಳಿ ನಿಮಗಿಂತ ಮೊದಲು ತಿನ್ನುತ್ತದೆ.

ಗಂಗಾವತಿಯಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಹಾದು ಕಾರವಾರಕ್ಕೆ ಮುನ್ನೂರು ಕಿಲೋಮೀಟರ್ ಮೀರುತ್ತದೆ. ರಾತ್ರಿಯಿಡೀ ಗಾಡಿ ಓಡಿಸಿ ಬೆಳಿಗ್ಗೆ ದೋಣಿ ಹತ್ತಿದರೆ ವಾಂತಿ ಖಾತ್ರಿ, ನಿದ್ದೆಗೆಟ್ಟ ಮೈಗೆ ಕಡಲು ಬೇಗ ಹಿಡಿಯುತ್ತದೆ. ಹಿಂದಿನ ದಿನವೇ ಹೋಗಿ ಮಲಗಿ.

ರಾತ್ರಿ ವಾಸ ಬೇಡ. ಹವೆ ಕೆಟ್ಟರೆ ಕತ್ತಲಲ್ಲಿ ಯಾವ ದೋಣಿಯೂ ಬಂಡೆಯ ಹತ್ತಿರ ಬರಲಾರದು, ಒಣಗಿದ ಹುಲ್ಲಿನಲ್ಲಿ ಒಲೆಯ ಒಂದು ಕಿಡಿ ಇಡೀ ಗುಡ್ಡ ಸುಡುತ್ತದೆ. ಅದಲ್ಲದೆ ಈ ತಿಂಗಳುಗಳಲ್ಲೇ ಕಡಲಾಮೆಗಳು ಈ ಕರಾವಳಿಯ ಮರಳಿಗೆ ಮೊಟ್ಟೆ ಇಡಲು ಬರುತ್ತವೆ, ಟಾರ್ಚಿನ ಬೆಳಕು ಕಂಡರೆ ತಿರುಗಿ ಹೋಗುತ್ತವೆ. ಮಣ್ಣಿಲ್ಲದ ಬಂಡೆಯಲ್ಲಿ ಹೂಳುವುದಕ್ಕೂ ಜಾಗವಿಲ್ಲ, ಮಕ್ಕಳ ಶೌಚವನ್ನೂ ಬಿಗಿ ಚೀಲದಲ್ಲಿ ವಾಪಸ್ ತರಬೇಕು. ಆದರೂ, ಮರಳುವ ಹೊತ್ತಿಗೆ ಅಲೆ ಎದ್ದಿದೆ, ತಾಂಡೇಲ ಬೇಡ ಅಂದ ಅಂತಾದರೆ ಉಳಿಯುವುದೇ ಸರಿ. ಆ ಎರಡು ಲೀಟರ್ ನೀರು ಇರುವುದು ಆ ಹೊತ್ತಿಗಾಗಿ. ದಡದಲ್ಲಿ ಒಬ್ಬರಿಗೆ ಬರೆದುಕೊಡಿ: ದೋಣಿಯ ಮೈಮೇಲಿನ ನೋಂದಣಿ ಸಂಖ್ಯೆ, ಎಷ್ಟು ಜನ, ಯಾವ ನಡುಗಡ್ಡೆ, ಎಷ್ಟು ಗಂಟೆಗೆ ವಾಪಸ್. ಆ ಗಂಟೆ ದಾಟಿ ಒಂದು ತಾಸಾದರೂ ಕರೆ ಬರದಿದ್ದರೆ ಅವರು ಕರಾವಳಿ ಕಾವಲು ಪೊಲೀಸರ 1093 ಅಥವಾ ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಬೇಕು.

ಈಗ ನಿಮ್ಮ ಹರಿಗೋಲು. ಅದು ದುಂಡಗೆ, ಮುಂದು-ಹಿಂದು ಇಲ್ಲ, ತಳ ಚಪ್ಪಟೆ. ಹೊಳೆಯಲ್ಲಿ ಇದೇ ಅದರ ಗುಣ: ಕಲ್ಲಿಗೆ ತಾಗಿದರೆ ತಿರುಗಿ ಜಾರಿಕೊಳ್ಳುತ್ತದೆ, ಗೇಣು ನೀರಿದ್ದರೂ ತೇಲುತ್ತದೆ. ಮುರಿಯುವ ಅಲೆಯನ್ನು ಸೀಳಲು ಮೂತಿ ಬೇಕು, ಹರಿಗೋಲಿಗೆ ಅದಿಲ್ಲ. ಅಲೆಯ ಮುಖದಲ್ಲಿ ಅದು ಬುಗುರಿಯಂತೆ ತಿರುಗಿ ಒಂದು ಅಂಚು ಎತ್ತಿ ಕವುಚಿಕೊಳ್ಳುತ್ತದೆ, ಅಡಿಯಲ್ಲಿ ಸಿಕ್ಕವರ ಮೇಲೆ ಮುಚ್ಚಳ ಹಾಕಿದ ಹಾಗೆ. ಗಾಳಿ ಹಿಡಿದರೆ ಒಂದು ಹುಟ್ಟಿನಿಂದ ತಡೆಯಲಾಗುವುದಿಲ್ಲ. ಜನರನ್ನು ಕೂರಿಸಬೇಡಿ. ಮರೆಯ ಮಗ್ಗುಲಿನಲ್ಲಿ ನೀರು ಕೆರೆಯಂತೆ ನಿಂತಿದ್ದರೆ, ಅದರ ಎರಡು ಕಡೆಗೆ ನೀರಿನ ಮೇಲೆ ತೇಲುವ ಪಾಲಿಪ್ರೊಪಿಲೀನ್ ಹಗ್ಗ ಇಪ್ಪತ್ತಿಪ್ಪತ್ತು ಮೀಟರ್ ಕಟ್ಟಿ, ಒಂದು ತುದಿ ದೋಣಿಯಲ್ಲಿ, ಇನ್ನೊಂದು ದಂಡೆಯಲ್ಲಿ ಹಿಡಿದು, ನೀರಿನ ಕ್ಯಾನು, ಬುತ್ತಿ, ಬಟ್ಟೆಯ ಗಂಟು ಒಣಗಿದ್ದಂತೆಯೇ ಎಳೆದುಕೊಳ್ಳಬಹುದು. ಅಷ್ಟಕ್ಕೆ ಗಂಗಾವತಿಯಿಂದ ಹೇರಿಕೊಂಡು ಬರಬೇಕೇ ಎನ್ನುವುದು ನಿಮ್ಮ ಗಾಡಿಯ ಕ್ಯಾರಿಯರಿಗೆ ಬಿಟ್ಟದ್ದು.